ಮೂರನೇ ಕೂಗು

ಆವಲಪ್ಪ ಮೂರನೇ ಸಲ ಬಗ್ಗಿ, ತಮ್ಮನ ಕಿವಿಗೆ ಬಾಯಿಟ್ಟು, "ಗಂಗರಾಜೂ" ಎಂದು ಕೂಗಿದ. ಹೆಣದ ಎದೆಯ ಮೇಲೆ ಏನೋ ಗುರ್ರ್ ಎಂದಿತು.

ಚಟ್ಟ ಹೊತ್ತು ತಂದವರು ದಡಕ್ಕನೆ ಹಿಂದೆ ಸರಿದರು. ತಮಟೆ ನಿಂತಿತು. ಕೆಂಚಾರ್ಲಹಳ್ಳಿಯ ಹಿಪ್ಪುನೇರಳೆ ತೋಟಗಳ ನಡುವಿನ ಆ ದಾರಿಯಲ್ಲಿ ಚಟ್ಟ ಇಳಿಸಿ, ಸತ್ತವರನ್ನು ಮೂರು ಸಲ ಕೂಗುವುದು ಹಳೇ ಪದ್ಧತಿ. ಉಸಿರೇನಾದರೂ ಉಳಿದಿದ್ದರೆ ಓಗೊಡಲಿ ಅಂತ. ಇಲ್ಲಿಯವರೆಗೆ ಯಾರೂ ಓಗೊಟ್ಟಿರಲಿಲ್ಲ.

"ಫೋನು," ಎಂದಳು ಮುನಿಗಂಗಮ್ಮ.

ಬೆಳಿಗ್ಗೆ ಅದನ್ನು ಗಂಡನ ಅಂಗಿಯ ಜೇಬಿಗೆ ಇಟ್ಟವಳು ಅವಳೇ. ಇಡಿಸಿದವನು ಆವಲಪ್ಪ. ಬಿಟ್ಟಿರಲಾರದ್ದನ್ನು ಜೊತೆಗೇ ಕಳಿಸದಿದ್ದರೆ ಸತ್ತವರು ಹುಡುಕಿಕೊಂಡು ಬರುತ್ತಾರಂತೆ. ಅವರಪ್ಪನ ಜೊತೆ ಎಲೆಅಡಿಕೆ ಚೀಲ ಹೋಗಿತ್ತು.

ಹೆಂಗಸರ ಗುಂಪಿನಿಂದ ಕವಿತ ಮುಂದೆ ಬಂದಳು. ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಸಂಶೋಧನೆ ಮಾಡುವ ಹುಡುಗಿ. ಗಂಗರಾಜು ಅಲ್ಲಿನ ದೊಡ್ಡ ಕಂಪ್ಯೂಟರುಗಳ ಮಿಷನ್ ರೂಮು ನೋಡಿಕೊಳ್ಳುತ್ತಿದ್ದ.

"ಅಮ್ಮಾ, ಅದು ಲ್ಯಾಬಿನ ಮೆಸೇಜು. ಎಸಿ ನಿಂತೋಗಿರ್ಬೇಕು, ಮಿಷನ್‌ಗಳು ಕಾದು ಬಿಸಿಯಾಗ್ತಾ ಇದಾವೆ. ಆ ಫೋನಿಂದ ಉತ್ತರ ಹೋದ್ರೆ ಮಾತ್ರ ಆಫ್ ಆಗೋದು. ಬೇರೆ ನಂಬರ್ ಹಾಕ್ಸಣ ಹಾಕ್ಸಣ ಅಂತಾನೇ ಇದ್ವಿ..."

"ಅಲ್ಲಿ ಯಾರೂ ಇಲ್ವೇನಮ್ಮಾ?"

"ಬೀಗ ಹಾಕ್ಕೊಂಡು ಎಲ್ರೂ ಇಲ್ಲಿಗೇ ಬಂದಿದೀವಿ. ನಾವು ಹೋಗೋಷ್ಟರಲ್ಲಿ ಬೆಂದೋಗತ್ತೆ. ನನ್ನ ಇಷ್ಟು ವರ್ಷದ ಕೆಲಸ ಎಲ್ಲಾ ಅದ್ರೊಳಗೇ ಇದೆ."

ಆವಲಪ್ಪ ಮುನಿಗಂಗಮ್ಮನಿಗೆ ಕೈ ಅಡ್ಡ ಹಿಡಿದ. "ವದ್ದಮ್ಮಾ, ಬೇಡ! ಹೆಣಕ್ಕೆ ಕೊಟ್ಟಿದ್ದನ್ನ ಕಿತ್ಕೊಂಡ್ರೆ ಅದರ ಹಿಂದೇನೇ ಬರ್ತಾನೆ. ನಿನ್ನ ಮನೆ ಬಾಗಿಲಿಗೇ ಬರೋದು, ತಿಳ್ಕೋ."

ಫೋನು ಮತ್ತೆ ಗುರ್ರ್ ಎಂದಿತು.

*

ಅದು ಕೂಗಿದರೆ ಗಂಗರಾಜು ಕೂತಲ್ಲಿ ಕೂತವನಲ್ಲ. ಮಗಳು ರೂಪಳ ನಾಮಕರಣದ ದಿನ ಬಾಯಲ್ಲಿ ತುತ್ತು ಇರುವಾಗಲೇ ಬೈಕು ಹತ್ತಿದ್ದ.

"ಯಾರು ಏನು ಕೇಳಿದ್ರೂ ಹುಡುಕಿಕೊಡೋ ಮಿಷನ್ ಕಣೇ ಅದು. ನಮ್ಮ ಮಾತಲ್ಲೇ ಕೇಳ್ಬೋದು."

"ಹಂಗಾದ್ರೆ ನನ್ ಗಂಡ ಎಲ್ಲವ್ನೆ ಅಂತ ಕೇಳ್ನೋಡು," ಎಂದು ಅವಳು ಚುಚ್ಚಿದ್ದಳು. ಅವನು ನಕ್ಕು ಕಿಕ್ ಹೊಡೆದಿದ್ದ.

ಹೋದ ವರ್ಷ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಎಡಗೈಗೆ ನಡುಕ. ಕುಂಟುತ್ತಲೇ ಬಸ್ಸು ಹತ್ತಿ ಕೆಲಸಕ್ಕೆ ಹೋಗಿ ಬರುತ್ತಿದ್ದ. ಮನೆಯಲ್ಲಿದ್ದಾಗ ಫೋನು ಕೂಗಿದರೆ ಮಾತ್ರ ಅವನ ಕಣ್ಣಲ್ಲಿ ದಿಗಿಲು ಕಾಣುತ್ತಿತ್ತು. ಆ ದಿಗಿಲನ್ನು ನೋಡಲಾರದೆ ಉತ್ತರ ಒತ್ತುವುದನ್ನು ಅವಳೇ ಕಲಿತಳು.

"ಒಂದು ಒತ್ತು. ಆಮೇಲೆ ಹಸಿರು. ಮಿಷನ್ ಆರ್ತಾ?"

"ಆರ್ತು, ಮಲಕ್ಕೋ."

ಆ ಮಾತು ಕೇಳಿದ ಮೇಲೆಯೇ ಅವನು ಕಣ್ಣು ಮುಚ್ಚುತ್ತಿದ್ದದ್ದು.

*

ಬಿಳಿ ಬಟ್ಟೆ ಎದೆಯ ಮೇಲೆ ಅದುರುತ್ತಿತ್ತು. ಮುನಿಗಂಗಮ್ಮನಿಗೆ ಅವನ ಮುಖ ನೋಡಲು ಭಯವಾಯಿತು. ತೆಗೆದರೆ ಮನೆಗೆ ಬರುತ್ತಾನೆ. ತೆಗೆಯದಿದ್ದರೆ? ಇದು ಕೂಗುತ್ತಿದ್ದರೆ ಅವನು ಮಲಗುವ ಪೈಕಿಯೇ? ಮೈಗೆ ಮೆತ್ತಿದ ಮಣ್ಣು ಕೊಡವಿಕೊಂಡು, ಬಿದ್ದ ಕೈಯನ್ನು ಎಳೆದುಕೊಂಡು, ಚಿಂತಾಮಣಿ ರಸ್ತೆಯಲ್ಲಿ ಲ್ಯಾಬಿನ ಕಡೆಗೆ ಅವನು ಒಬ್ಬನೇ ಕುಂಟುತ್ತಾ ಹೋಗುವುದು ಕಣ್ಣಿಗೆ ಕಟ್ಟಿತು. ಅದರ ಬದಲು ಮನೆಗಾದರೂ ಬರಲಿ.

ಅವಳು ಬಟ್ಟೆಯೊಳಗೆ ಕೈ ಹಾಕಿದಳು. ಯಾರೋ "ಅಯ್ಯೋ ದೇವುಡಾ" ಎಂದರು. ಅವನ ಎದೆ ತಣ್ಣಗಿತ್ತು, ಫೋನು ಬೆಚ್ಚಗಿತ್ತು. ಒಂದು ಒತ್ತಿದಳು. ಹಸಿರು ಒತ್ತಿದಳು. ಗುರ್ರ್ ನಿಂತಿತು. ಆಮೇಲೆ ಅವನ ಕಿವಿಯ ಬಳಿ ಬಗ್ಗಿದಳು.

"ಆರ್ತು, ಮಲಕ್ಕೋ."

ಕವಿತ ಫೋನಿಗೆ ಕೈ ಚಾಚಿದಳು, ಮುಟ್ಟಲು ಧೈರ್ಯವಾಗದೆ ಹಿಂದೆಳೆದುಕೊಂಡಳು. ಆವಲಪ್ಪ ಮುಖ ತಿರುಗಿಸಿ ಚಟ್ಟ ಎತ್ತಿಸಿದ. ಹೆಂಗಸರು ಅಲ್ಲಿಂದಲೇ ವಾಪಸು. ಹಿಂದಕ್ಕೆ ತಿರುಗಿ ನೋಡುವ ಹಾಗಿಲ್ಲ. ಮುನಿಗಂಗಮ್ಮ ಫೋನನ್ನು ಸೆರಗಿನಲ್ಲಿ ಗಂಟುಹಾಕಿಕೊಂಡು ನಡೆದಳು.

ಸಂಜೆಗೆ ಮಣ್ಣು ಮುಗಿಸಿದವರೆಲ್ಲ ಬಂದು, ಸ್ನಾನ ಮಾಡಿ ಚದುರಿದರು. ರೂಪ ಹಿತ್ತಲ ಬಚ್ಚಲಲ್ಲಿದ್ದಳು. ಗಂಡ ಪ್ರಾಣ ಬಿಟ್ಟ ಜಾಗದಲ್ಲಿ ಹಚ್ಚಿದ ದೀಪದ ಪಕ್ಕ ಮುನಿಗಂಗಮ್ಮ ಫೋನಿಟ್ಟು ಚಾರ್ಜರು ಸಿಕ್ಕಿಸಿದಳು. ಬೀದಿ ಬಾಗಿಲು ಮುಚ್ಚಿ ಅಗುಳಿ ಹಾಕಿದಳು. ಅಲ್ಲೇ ಸುಮಾರು ಹೊತ್ತು ನಿಂತಳು.

ಆಮೇಲೆ ಅಗುಳಿ ತೆಗೆದು, ಬಾಗಿಲಿಗೆ ಬೆನ್ನು ಮಾಡಿ ಕೂತಳು.