ಚಪ್ಪಲಿ ಡಬ್ಬದಲ್ಲಿ ಬಂದ ಗೊರವಂಕದ ಮರಿ

ಬೇಸಿಗೆ ಬಂತೆಂದರೆ ಸಾಕು, ಗೋಡೆಯ ಬುಡದಲ್ಲೋ ಚರಂಡಿಯ ಪಕ್ಕದಲ್ಲೋ ಒಂದು ಹಕ್ಕಿಮರಿ ಬಿದ್ದಿರುತ್ತದೆ. ಕಂಡವರ ಕರುಳು ಚುರ್ ಎನ್ನುತ್ತದೆ. ಎತ್ತಿ ಮನೆಗೆ ತರುತ್ತಾರೆ. ನಮ್ಮ ವೆಲ್ಡರ್ ಕೂಡ ತಂದ.

ಅದು ಗೊರವಂಕದ ಮರಿ. ಅವನ ಶೆಡ್ಡಿನ ಹಿಂದೆ ಕಬ್ಬಿಣದ ತುಂಡುಗಳ ನಡುವೆ ಕುಪ್ಪಳಿಸುತ್ತಿತ್ತು. ಎರಡು ದೊಡ್ಡ ಹಕ್ಕಿಗಳು ಕಿರುಚುತ್ತಾ ಅದರ ಬಳಿಗೆ ಎರಗುತ್ತಿದ್ದವು. ವೆಲ್ಡರ್ ಸರಳು ಬೀಸಿ ಅವನ್ನು ಓಡಿಸಿದ, ಮರಿಯನ್ನು ಚಪ್ಪಲಿ ಡಬ್ಬಕ್ಕೆ ಹಾಕಿಕೊಂಡ, ಹಾಲಿನಲ್ಲಿ ಬ್ರೆಡ್ ನೆನೆಸಿ ಬಾಯಿಗೆ ಹಿಡಿದ. ಮರಿ ಬಾಯಿ ಬಿಡಲಿಲ್ಲ.

ಮರುದಿನ ವನ್ಯಜೀವಿ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಸಮಾರಂಭ. ಬಟ್ಟೆ ಹೊಲಿಯುವ ಅವನ ಅಕ್ಕ ಆ ಸಂಘದ ಹಳೇ ಸದಸ್ಯೆ. ಅವತ್ತು ಸನ್ಮಾನವಾಗುವ ಸದಸ್ಯರಲ್ಲಿ ಅವಳೂ ಒಬ್ಬಳು. ವೆಲ್ಡರ್ ಒಗೆದ ಅಂಗಿ ಹಾಕಿ, ಡಬ್ಬವನ್ನು ಕಂಕುಳಲ್ಲಿಟ್ಟುಕೊಂಡು ಹೋದ. ಜೀವ ಉಳಿಸಿದವನನ್ನೂ ವೇದಿಕೆಗೆ ಕರೆದಾರು ಎಂಬ ಆಸೆ ಮನಸ್ಸಿನ ಮೂಲೆಯಲ್ಲಿತ್ತು.

ಅಕ್ಕನನ್ನು ವೇದಿಕೆಯ ಮೇಲೆ ಪಕ್ಕದಲ್ಲಿ ನಿಲ್ಲಿಸಿಕೊಂಡು ಅಧ್ಯಕ್ಷರು ಮೈಕಿನಲ್ಲಿ ಹೇಳುತ್ತಿದ್ದರು: "ಇವರು ಮೊನ್ನೆ ಬೆಳಗಿನಿಂದ ಸಂಜೆವರೆಗೂ ಒಂದು ಮರದ ಹತ್ರ ನಿಂತಿದ್ರು. ನಾಯಿ ಬಂದ್ರೆ ಓಡಿಸಿದ್ರು. ಕೆಳಗೆ ಬಿದ್ದಿದ್ದ ಮರೀನ ಮಾತ್ರ ಮುಟ್ಟಲಿಲ್ಲ."

ಸಭೆ ಚಪ್ಪಾಳೆ ತಟ್ಟಿತು. ವೆಲ್ಡರನಿಗೆ ತಲೆಬುಡ ತಿಳಿಯಲಿಲ್ಲ. ಮುಟ್ಟದೇ ಇದ್ದದ್ದಕ್ಕೆ ಸನ್ಮಾನವೇ?

ಅಕ್ಕ ಫಲಕ ಹಿಡಿದು ಕೆಳಗಿಳಿದಳು. ಅವನು ಡಬ್ಬದ ಮುಚ್ಚಳ ತೆಗೆದ.

"ಎಲ್ಲಿಂದ ತಂದ್ಯೋ ಇದನ್ನ?"

"ತಂದಿದ್ದಲ್ಲಕ್ಕ, ಬಿಡಿಸ್ಕೊಂಡು ಬಂದಿದ್ದು. ಎರಡು ದಾಂಡಿಗ ಹಕ್ಕಿ ಸೇರ್ಕೊಂಡು ಕುಕ್ತಾ ಇದ್ವು."

"ಕೊಕ್ಕಲ್ಲಿ ಏನಾದ್ರೂ ಇತ್ತಾ?"

"ಇತ್ತು. ಹಸಿರು ಹುಳ."

"ಅದು ಊಟ ಕಣೋ. ಅವು ಇದರ ಅಪ್ಪ ಅಮ್ಮ. ತುತ್ತು ಕೊಡೋಕೆ ಬಂದೋರ ಮೇಲೆ ಸರಳು ಬೀಸಿದ್ದೀಯ."

ವೆಲ್ಡರ್ ಮರಿಯನ್ನು ನೋಡಿದ, ಅಕ್ಕನನ್ನು ನೋಡಿದ. "ಇದಕ್ಕೆ ಹಾರೋಕೇ ಬರಲ್ವಲ್ಲ."

"ನೀನು ತೊಟ್ಟಿಲಲ್ಲೇ ವೆಲ್ಡಿಂಗ್ ಮಾಡ್ತಿದ್ಯಾ? ಮೈತುಂಬ ಪುಕ್ಕ ಬಂದಿದೆ. ಹೀಗೇ ನೆಲದ ಮೇಲೆ ಬಿದ್ದು ಎದ್ದು ಕಲಿಯುತ್ತೆ."

"ನಾನು ಮುಟ್ಟಿಬಿಟ್ಟೆನಲ್ಲ. ಮನುಷ್ಯರ ವಾಸನೆ ಬಂದ್ರೆ ತಾಯಿ ಸೇರಿಸಲ್ಲ ಅಂತಾರೆ."

"ಯಾವ ಹಕ್ಕಿ ಬಂದು ಹೇಳ್ತಂತೆ ಅವರಿಗೆ?"

"ಕಾಪಾಡೋ ಸಂಘ ಅಂತೀರಿ, ಬಿಟ್ಬಿಡಿ ಅಂತೀರಿ. ನಿಮ್ಮದೇನು ಲೆಕ್ಕನೋ, ನಂಗೊಂದೂ ಅರ್ಥ ಆಗ್ತಿಲ್ಲ."

"ಆಮೇಲೆ ಅರ್ಥ ಮಾಡ್ಕೊ. ರೆಕ್ಕೆ ಜೋಲುಬಿದ್ದಿದೆ ನೋಡು. ಇವತ್ತು ತುತ್ತು ಸಿಗದಿದ್ರೆ ಇದು ಉಳಿಯಲ್ಲ. ನಡಿ."

ಶೆಡ್ಡಿನ ಹಿಂದೆ ಒಂದು ಹಕ್ಕಿಯ ಸದ್ದೂ ಇರಲಿಲ್ಲ. ವೆಲ್ಡರ್ ಸುತ್ತಲೂ ಕಣ್ಣಾಡಿಸಿದ. ಅವನು ಓಡಿಸಿದ್ದೇ ಓಡಿಸಿದ್ದು, ಅವು ಊರು ಬಿಟ್ಟೇ ಹೋದವೇನೋ. ಮರಿಯನ್ನು ಮೋಟು ಗೋಡೆಯ ಮೇಲೆ ಕೂರಿಸಿ ಇಬ್ಬರೂ ಗೇಟಿನ ಆಚೆ ನಿಂತರು. ಕಾದರು. ಮರಿ ಒಮ್ಮೆ ಸಣ್ಣಗೆ ಕೂಗಿತು. ಯಾರೂ ಬರಲಿಲ್ಲ. ಮತ್ತೆ ಕೂಗಿತು.

ಎಲ್ಲಿತ್ತೋ ಏನೋ, ಒಂದು ಹಕ್ಕಿ ನೇರ ವೆಲ್ಡರನ ತಲೆಗೇ ಕುಕ್ಕಿ ಹೋಯಿತು.

"ಗುರುತು ಇಟ್ಕೊಂಡಿದೆ ನಿನ್ನ," ಎಂದಳು ಅಕ್ಕ.

ಅವನು ಗೇಟಿಗೆ ನೇತುಹಾಕಿದ್ದ ವೆಲ್ಡಿಂಗ್ ಮುಖವಾಡ ತೊಟ್ಟುಕೊಂಡ. ಅಷ್ಟರಲ್ಲಿ ಎರಡನೆಯದು ಮಿಡತೆ ಕಚ್ಚಿಕೊಂಡು ಗೋಡೆಗಿಳಿಯಿತು. ಮರಿಯ ಮುಖವೆಲ್ಲ ಬಾಯಾಯಿತು.

"ನನ್ನ ಕೈಲಿ ಇದು ಬಾಯೇ ಬಿಡ್ಲಿಲ್ಲ," ಎಂದ ವೆಲ್ಡರ್. ಮುಖವಾಡ ತೆಗೆಯಲಿಲ್ಲ. ಕಣ್ಣು ಒದ್ದೆಯಾಗಿತ್ತು.

"ನಾಯಿ ಬರ್ತಿದೆ, ಆ ಕಡೆ ನಿಂತ್ಕೊ," ಎಂದಳು ಅಕ್ಕ. ಅವನು ಹೋಗಿ ನಿಂತ. ಕತ್ತಲಾಗುವವರೆಗೂ ನಿಂತಿದ್ದ.

ಓದುತ್ತಿರುವವರೇ, ನಿಮಗೂ ಒಂದು ಮಾತು, ಸಿಟ್ಟಿನಿಂದಲೇ. ಅಂಗೈಯಲ್ಲಿ ಮರಿ ಹಿಡಿದು ಫೋಟೋ ತೆಗೆಸಿಕೊಂಡು, ಅದು ಸತ್ತ ಮೇಲೆ "ನಮ್ಮ ಕೈಲಾದದ್ದು ಮಾಡಿದೆವು" ಎನ್ನಬೇಡಿ. ಪುಕ್ಕ ಬಂದ ಮರಿ ಕುಪ್ಪಳಿಸುತ್ತಿದ್ದರೆ ಅಲ್ಲೇ ಬಿಡಿ. ನಾಯಿ ಬೆಕ್ಕಿನ ಭಯವಿದ್ದರೆ ಪಕ್ಕದ ಪೊದೆಗೋ ಕೊಂಬೆಗೋ ಏರಿಸಿ. ಪುಕ್ಕವಿಲ್ಲದ್ದಾದರೆ, ಗೂಡು ಕೈಗೆಟುಕಿದರೆ ಗೂಡಿಗೇ ಇಡಿ. ಹಾಲು, ಬ್ರೆಡ್ ಬೇಡವೇ ಬೇಡ. ಗಾಯವಾಗಿದ್ದರೆ, ಅಥವಾ ಎಷ್ಟು ಕಾದರೂ ತಂದೆತಾಯಿ ಬಾರದಿದ್ದರೆ, ನಿಮ್ಮ ಹತ್ತಿರದ ವನ್ಯಜೀವಿ ಸಂಘಕ್ಕೆ ಫೋನ್ ಮಾಡಿ. ಸದಸ್ಯರೂ ಆಗಿ. ಉಳಿದಂತೆ, ನಿಮ್ಮ ಕರುಣೆಗೆ ಸ್ವಲ್ಪ ದೂರದಲ್ಲಿ ನಿಲ್ಲಲು ಹೇಳಿ.