ಚೆನ್ನಾಗಿದ್ದೀನಿ ಎಂದವರು

ಅಮ್ಮ ಚಮಚ ಹಿಡಿಯುವುದನ್ನು ಬದುಕಿನಲ್ಲಿ ಎರಡು ಸಲ ಕಲಿತಳು. ಮೊದಲು ಕಲಿಸಿದ್ದು ಅವಳ ತಾಯಿ. ಲಕ್ವ ಹೊಡೆದ ಮೇಲೆ ಕಲಿಸಿದ್ದು ಫಿಸಿಯೋಥೆರಪಿಯ ಹುಡುಗಿ. ಹಿರಿಯರ ಆರೋಗ್ಯ ಯೋಜನೆಯಿಂದ ಅವಳು ವಾರಕ್ಕೆರಡು ಸಲ ಮನೆಗೇ ಬಂದು ಅಮ್ಮನ ಬಲಗೈಯನ್ನು ಬಿಡಿಸಿ, ಮಡಿಸಿ, ಬೈದು, ನಗಿಸಿ ಹೋಗುತ್ತಾಳೆ. ಅವಳು ಬರುವುದು ನಿಂತರೆ ಕೈ ಮತ್ತೆ ಮುದುಡಿಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದಾರೆ.

ಹಾಗಾಗಿ, ಮತ್ತೆ ಗೆದ್ದರೆ ಮನೆಗೆ ಬರುವ ಚಿಕಿತ್ಸೆಯನ್ನು ನಿಲ್ಲಿಸುತ್ತೇವೆ, ಬೇಕಾದವರು ಆಸ್ಪತ್ರೆಗೆ ಬರಲಿ ಎಂದು ಆಳುವ ಪಕ್ಷ ಹೇಳಿದಾಗ ನನಗೆ ಮೊದಲು ನೆನಪಾದದ್ದು ಆ ಕೈ. ಅಮ್ಮ ಮಾತ್ರ ಕಿವಿಗೆ ಹಾಕಿಕೊಳ್ಳಲಿಲ್ಲ.

"ಎಲೆಕ್ಷನ್ ಟೈಮಲ್ಲಿ ಏನೇನೋ ಒದರ್ತಾರೆ, ಬಿಡೆ. ನಿಮ್ಮಪ್ಪನ ಕಾಲದಿಂದ ಅವರಿಗೇ ಹಾಕಿರೋದು."

ಅದೇ ವಾರ 'ಇಸ್ತ್ರಿ' ಬಂದ. ಅದೇ ಪಕ್ಷಕ್ಕಾಗಿ ನಮ್ಮ ಬೀದಿಯಲ್ಲಿ ಓಡಾಡುವವನು. ಎಂಥ ಸೆಕೆಯಲ್ಲೂ ಅವನ ಅಂಗಿ ಸುಕ್ಕಾಗುವುದಿಲ್ಲ, ಅದಕ್ಕೇ ಆ ಹೆಸರು. ಹಿರಿಯರನ್ನು ಕಂಡು ಅಭಿಪ್ರಾಯ ಕೇಳಲು ಬರುತ್ತಾನೆಂದು ಮೊದಲೇ ಗೊತ್ತಿತ್ತು. ಅಮ್ಮ ನನ್ನಿಂದ ತಲೆ ಬಾಚಿಸಿಕೊಂಡಳು, ಒಳ್ಳೆಯ ಬಟ್ಟೆ ತೊಡಿಸಿಕೊಂಡಳು, ಬಲಗೈಯನ್ನು ಶಾಲಿನೊಳಗೆ ಮುಚ್ಚಿಟ್ಟುಕೊಂಡು ನೆಟ್ಟಗೆ ಕೂತಳು.

"ಹೇಗಿದ್ದೀರಿ ಅಮ್ಮಾ?"

"ನನಗೇನಪ್ಪಾ, ಗುಂಡುಕಲ್ಲಿನ ಹಾಗಿದ್ದೀನಿ."

"ನಮ್ಮಿಂದ ಏನಾದ್ರೂ ಆಗಬೇಕಿತ್ತಾ?"

"ನೀನು ಬಂದ್ಯಲ್ಲ, ಅದೇ ಸಾಕು."

"ಅಮ್ಮ, ಕೈ..." ಎಂದು ನಾನು ಬಾಯಿ ತೆರೆದೆ. ಅವಳು ಬಿಟ್ಟ ಕಣ್ಣಿಗೆ ಬಾಯಿ ತಾನಾಗಿ ಮುಚ್ಚಿಕೊಂಡಿತು. ಇಸ್ತ್ರಿ ಹೋದ ಮೇಲೆ ನನಗೆ ಮಂಗಳಾರತಿಯಾಯಿತು.

"ಮನೆಗೆ ಬಂದವರ ಮುಂದೆ ಕಾಯಿಲೆ ಪುರಾಣ ಬಿಚ್ಚಿಕೊಂಡು ಕೂರ್ತಾರೇನೇ? ಅಷ್ಟು ಓದಿದ್ದೀಯ, ಇಷ್ಟು ಗೊತ್ತಾಗಲ್ವಾ?"

ನಾನು ಕಿಟಕಿಯಲ್ಲಿ ನಿಂತು ನೋಡಿದೆ. ಎದುರು ಮನೆಯ ನಿವೃತ್ತ ಕಂಡಕ್ಟರ್ ಮಾವ ಮೂಗಿನಿಂದ ಆಕ್ಸಿಜನ್ ನಳಿಗೆ ಕಿತ್ತು, ಸಿಲಿಂಡರಿನ ಮೇಲೆ ಟವಲ್ ಹೊದಿಸಿ, ಬಾಗಿಲಲ್ಲಿ ನಗುತ್ತ ನಿಂತಿದ್ದರು. ಇಸ್ತ್ರಿ ಮೆಟ್ಟಿಲಿಳಿಯುವವರೆಗೂ ನಕ್ಕರು. ಆಮೇಲೆ ಗೋಡೆ ಹಿಡಿದುಕೊಂಡರು.

ಮುಂದಿನ ಭಾನುವಾರ ಬೀದಿ ಕೊನೆಯ ಸಭಾಂಗಣದಲ್ಲಿ ಆ ಪಕ್ಷದ ಅಭ್ಯರ್ಥಿ ಮೈಕ್ ಹಿಡಿದರು. ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. "ನಾವು ಆಫೀಸಿನಲ್ಲಿ ಕೂತು ನಿರ್ಧಾರ ಮಾಡಿಲ್ಲ. ಈ ಬೀದಿಯ ಹಿರಿಯರ ಮನೆಮನೆಗೂ ಹೋಗಿ ಕೇಳಿದ್ದೇವೆ. ಎಲ್ಲರೂ ಆರೋಗ್ಯವಾಗಿದ್ದಾರೆ. ಮನೆಗೆ ಬರುವ ಚಿಕಿತ್ಸೆ ಬೇಕು ಅಂತ ಒಬ್ಬರೂ ಹೇಳಲಿಲ್ಲ."

ಮುಂದಿನ ಸಾಲುಗಳಲ್ಲಿ ಚಪ್ಪಾಳೆ ಬಿತ್ತು. ನನ್ನ ಮೈ ಉರಿಯಿತು. ಹೇಗಿದ್ದೀರಿ ಎಂದು ಕೇಳಿದ ಇಸ್ತ್ರಿಗೆ ಯಾವ ಉತ್ತರ ಸಿಗುತ್ತದೆಂದು ಮೊದಲೇ ಗೊತ್ತಿತ್ತು. ಅವನಿಗೂ ಮನೆಯಲ್ಲಿ ವಯಸ್ಸಾದ ತಾಯಿಯಿದ್ದಾಳೆ. ನಮ್ಮವರ ಮರ್ಯಾದೆಯನ್ನೇ ತಂದು ಅವರ ವಿರುದ್ಧ ಸಾಕ್ಷಿ ನಿಲ್ಲಿಸಿದ್ದರು.

"ಸ್ಟಾಪ್ ಬರೋ ಮುಂಚೆನೇ ಇಳಿಸಿಬಿಟ್ರಲ್ಲಮ್ಮ ನಮ್ಮನ್ನ," ಎಂದರು ಹಿಂದಿನಿಂದ ಕಂಡಕ್ಟರ್ ಮಾವ. ಅಮ್ಮ ಶಾಲನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡಳು. ಮನೆಗೆ ಬಂದರೂ ಆ ವಿಷಯ ಎತ್ತಲಿಲ್ಲ. ಯಾರಿಗೆ ಮತ ಎಂದು ಕೇಳುವ ಧೈರ್ಯ ನನಗೂ ಬರಲಿಲ್ಲ.

ಮತದಾನದ ಬೆಳಿಗ್ಗೆ ಗೇಟಿನ ಮುಂದೆ ಕಾರು ನಿಂತಿತು. ಇಸ್ತ್ರಿ ಬಾಗಿಲು ತೆಗೆದು ಹಿಡಿದುಕೊಂಡಿದ್ದ.

"ಅಮ್ಮನಿಗೆ ತೊಂದರೆ ಬೇಡ ಅಂತ ಮನೆ ಹತ್ತಿರಾನೇ ತಂದೆ, ಅಕ್ಕ."

"ಓಟಿಗಾದ್ರೆ ಮನೆ ಬಾಗಿಲಿಗೆ ಬರೋಕಾಗುತ್ತೆ, ಅಲ್ವಾ?"

"ನೀವು ಓದಿದವರು. ನಿಮ್ಮ ಜೊತೆ ಮಾತಾಡಿ ಗೆಲ್ಲೋಕಾಗುತ್ತಾ?" ಎಂದು ನಕ್ಕ.

ನನಗೆ ಭಯವಾಯಿತು. ಒಬ್ಬರ ಕಾರಿನಲ್ಲಿ ಕೂತ ಮೇಲೆ ಅವರಿಗೆ ಇಲ್ಲವೆನ್ನುವ ಹೆಂಗಸಲ್ಲ ಅಮ್ಮ. ಅಷ್ಟರಲ್ಲಿ ಅಮ್ಮ ವಾಕರ್ ನೂಕುತ್ತ ಹೊರಬಂದಳು. ಶಾಲು ಹೊದ್ದಿರಲಿಲ್ಲ.

"ಕಾರು ತಗೊಂಡು ಹೋಗಪ್ಪ."

"ಯಾಕಮ್ಮಾ, ಬೂತ್ ದೂರ ಇದೆ."

"ನಿನ್ನ ಕಾರಲ್ಲಿ ಕೂತು ಹೋಗಿ ನಿಮ್ಮವರ ವಿರುದ್ಧ ಹಾಕಿ ಬರೋಕೆ ನನಗೆ ನಾಚಿಕೆ ಆಗುತ್ತೆ. ಅದಕ್ಕೇ ನಡ್ಕೊಂಡು ಹೋಗ್ತೀನಿ."

ಇಸ್ತ್ರಿ ನನ್ನ ಮುಖ ನೋಡಿದ, ಇದು ನಾನು ಹೇಳಿಕೊಟ್ಟ ಮಾತು ಎಂಬಂತೆ. ನಾನೂ ಅವನಷ್ಟೇ ಬೆಪ್ಪಾಗಿ ನಿಂತಿದ್ದೆ.

ಬೀದಿಯ ಅರ್ಧ ದಾರಿಗೆ ಅಮ್ಮನಿಗೆ ಏದುಸಿರು ಬಂತು. ವಾಕರ್ ಮೇಲಿನ ಬಲಗೈ ಪದೇಪದೇ ಜಾರುತ್ತಿತ್ತು. ನಾನು ಎತ್ತಿ ಎತ್ತಿ ಇಡುತ್ತಿದ್ದೆ. ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಕೂರಿಸಿದೆ. ಬೇರೆ ಹಿರಿಯರನ್ನು ತುಂಬಿಕೊಂಡ ಅದೇ ಕಾರು ಪಕ್ಕದಲ್ಲಿ ನಿಧಾನವಾಯಿತು. ಇಸ್ತ್ರಿ ಗಾಜು ಇಳಿಸಿದ.

"ಆಯಾಸ ಆಯ್ತಾ ಅಮ್ಮಾ?"

"ಆಯ್ತು," ಎಂದಳು ಅಮ್ಮ, ಒಳಗಿದ್ದವರಿಗೆಲ್ಲ ಕೇಳುವಂತೆ. "ತುಂಬಾ ಆಯ್ತು. ಕೈ ನೋಯ್ತಿದೆ, ಸೊಂಟ ನೋಯ್ತಿದೆ, ರಾತ್ರಿ ನಿದ್ದೆ ಇಲ್ಲ. ಹೋಗಿ ನಿಮ್ಮ ಮೈಕಿನವರಿಗೆ ಇದನ್ನೂ ಹೇಳು."

ಹಿಂದಿನ ಸೀಟಿನಲ್ಲಿದ್ದ ಅಜ್ಜಿಯೊಬ್ಬರು ಕಾರಿನ ಬಾಗಿಲ ಹಿಡಿಗೆ ಕೈ ಹಾಕಿ, "ನನ್ನನ್ನೂ ಇಲ್ಲೇ ಇಳಿಸಪ್ಪ," ಎಂದರು.