ಮೂಟೆ ಸುತ್ತು

"ಹತ್ತ್ರೇ ಮುಂಡೇವಾ, ನಿಮ್ಮಪ್ಪನ ಮೆರವಣಿಗೆ ಅಂದ್ಕೊಂಡ್ರಾ? ಬಾಗಿಲು ತೆಗೆಯೋ ಹೊತ್ತಾಯ್ತು."

ಮ್ಯಾನೇಜರನ ಬೆಳಗು ದಿನಾ ಹೀಗೇ ಶುರುವಾಗುತ್ತಿತ್ತು. ಪಾರ್ಕಿನ ಕಸ ಗುಡಿಸುವ ಹೆಂಗಸರು ಪೊರಕೆಗಳನ್ನು ಕಂಬಕ್ಕೆ ಒರಗಿಸಿ, ಕೈ ಒರೆಸಿಕೊಂಡು, ಹುಚ್ಚು ರೈಲಿನ ಡಬ್ಬಿಗಳಲ್ಲಿ ಇಬ್ಬಿಬ್ಬರಾಗಿ ಕೂರುತ್ತಿದ್ದರು. ಎತ್ತರದ ಹಳಿಯ ಮೇಲೆ ಏರಿ, ಧುಮುಕಿ, ತಿರುಗಿ ಬರುವ ರೈಲಿಗೆ ಊರವರು ಇಟ್ಟ ಹೆಸರು ಅದು. ನಾನು ಅದರ ಬ್ರೇಕ್ ಹಿಡಿಯುವವನು.

ಜನ ಬರುವ ಮೊದಲು ಭಾರ ಹೇರಿ ಒಂದು ಸುತ್ತು ಓಡಿಸಿ ನೋಡಬೇಕೆಂಬುದು ನಿಯಮ. ಹೇರಬೇಕಾದ್ದು ಮರಳಿನ ಮೂಟೆ. ಇಪ್ಪತ್ತನಾಲ್ಕು ಮೂಟೆ ಹೊತ್ತು ಹಾಕಿ ಇಳಿಸುವಷ್ಟರಲ್ಲಿ ನಮ್ಮ ಸೊಂಟ ಬಿದ್ದುಹೋಗುತ್ತಿತ್ತು. ಹೆಂಗಸರಾದರೆ ತಾವೇ ಹತ್ತುತ್ತಾರೆ, ತಾವೇ ಇಳಿಯುತ್ತಾರೆ. ಉಪಾಯ ಮ್ಯಾನೇಜರನದು, ಖುಷಿಪಟ್ಟವರು ನಾವು ಗಂಡಸರು. ಮೂಟೆ ಸುತ್ತು ಅಂತ ಅದಕ್ಕೆ ಹೆಸರೂ ಇಟ್ಟೆವು. ಬೇರೆ ಹೊತ್ತಿನಲ್ಲಿ ಆ ಹೆಂಗಸರು ರೈಲಿನ ಹತ್ತಿರ ಸುಳಿದರೆ ಉಗಿದು ಅಟ್ಟುತ್ತಿದ್ದರು.

ಜನ ಕೂತಾಗ ತೊಡೆಯ ಮೇಲೆ ಕಬ್ಬಿಣದ ಅಡ್ಡಕಂಬಿ ಇಳಿಸಿ ಕೀಲು ಹಾಕುವುದು ನನ್ನ ಕೆಲಸ. ಮೂಟೆ ಸುತ್ತಿಗೆ ಅದೂ ಇಲ್ಲ. ಒಮ್ಮೆ ಹಾಕಲು ಹೋಗಿ ಬೈಸಿಕೊಂಡಿದ್ದೆ: ಮೂಟೆಗೆ ಯಾಕೋ ಕಂಬಿ, ಎದ್ದು ಓಡಿಹೋಗುತ್ತಾ ಅಂತ. ಎಲ್ಲರೂ ನಕ್ಕರು, ನಾನೂ ಹಲ್ಲು ಕಿರಿದೆ.

ಆ ಮೂಟೆಗಳಲ್ಲಿ ಒಬ್ಬಳು ನನ್ನ ಒಡಹುಟ್ಟಿದ ಅಕ್ಕ. ಗಂಡ ಬಿಟ್ಟುಹೋದ ಮೇಲೆ ಮಗಳನ್ನು ಸೊಂಟಕ್ಕೇರಿಸಿಕೊಂಡು ನನ್ನ ಮನೆಗೆ ಬಂದವಳು. ಅವಳನ್ನು ಈ ಕೆಲಸಕ್ಕೆ ಸೇರಿಸಿದ್ದೂ ನಾನೇ. ಹಳಿ ಮಳೆಗೆ ನೆನೆದಿದ್ದ ಒಂದು ಬೆಳಿಗ್ಗೆ ಅವಳು ಕೊನೆಯ ಡಬ್ಬಿಯಲ್ಲಿ ಒಬ್ಬಳೇ ಕೂತಳು.

"ಕಂಬಿ ಹಾಕೋ ತಮ್ಮಾ. ಇವತ್ತು ಯಾಕೋ ಕೈಕಾಲು ನಡುಗ್ತಿದೆ."

ನಾನು ಮ್ಯಾನೇಜರನ ಮುಖ ನೋಡಿದೆ. ಅವನು ಗಡಿಯಾರ ನೋಡುತ್ತಿದ್ದ. ಬೇಡವೆಂದು ಅವನೇನೂ ಹೇಳಲಿಲ್ಲ. ಇನ್ನೊಮ್ಮೆ ನಗೆಪಾಟಲಾಗುವುದು ಬೇಡವೆಂದು ನಾನೇ ಸುಮ್ಮನೆ ಬಂದು ಬ್ರೇಕ್ ಬಿಟ್ಟೆ. ರೈಲು ಮರಳಿದಾಗ ಕೊನೆಯ ಡಬ್ಬಿ ಖಾಲಿ ಇತ್ತು.

ಎರಡನೇ ತಿರುವಿನ ಕೆಳಗಿನ ಸಿಮೆಂಟು ನೆಲವನ್ನು ಉಳಿದ ಹೆಂಗಸರಿಂದಲೇ ತೊಳೆಸಿದರು. ಹತ್ತು ಗಂಟೆಗೆ ಬಾಗಿಲು ತೆಗೆದರು, ಹಾಡು ಹಾಕಿದರು, ನಾನು ಮಕ್ಕಳಿಗೆ ಕಂಬಿ ಹಾಕಿ ರೈಲು ಬಿಟ್ಟೆ. ಸಂಜೆ ಪಾರ್ಕಿನ ಯಜಮಾನರ ಕೋಣೆಗೆ ನನ್ನನ್ನು ಕರೆಸಿದರು. ಕಾಗದ ಸಿದ್ಧವಾಗಿತ್ತು. ರೈಲಿನ ಆಸೆಗೆ ಬಿದ್ದು, ಯಾರಿಗೂ ಹೇಳದೆ ಕದ್ದು ಹತ್ತಿದಳು ಎಂದು ಅದರಲ್ಲಿ ಬರೆದಿತ್ತು. ಯಜಮಾನರು ತಲೆ ಎತ್ತಿ ನೋಡಲೂ ಇಲ್ಲ.

"ಸತ್ತೋಳಿಗೆ ಎಂಥ ಮಾನವೋ ಬೇವರ್ಸಿ, ಹಾಕು ಸೈನು," ಎಂದ ಮ್ಯಾನೇಜರ್. "ಇಲ್ಲಾಂದ್ರೆ ಬ್ರೇಕ್ ಹಿಡಿದೋನು ನೀನು, ನಡಿ ಜೈಲಿಗೆ."

ಹಾಕಿದೆ.

ಅಕ್ಕನ ಮಗಳನ್ನು ನಾನೇ ಸಾಕಿದೆ. ಅಮ್ಮ ಹೇಗೆ ಸತ್ತಳೆಂದು ಅವಳು ಕೇಳಿದಾಗೆಲ್ಲ ಆ ಕಾಗದವನ್ನೇ ಬಾಯಿಪಾಠ ಒಪ್ಪಿಸಿದೆ. ಶಾಲೆಯಲ್ಲಿ ಅವಳನ್ನು ಕಳ್ಳಿಯ ಮಗಳು ಎಂದರು. ಅಮ್ಮನಿಗೆ ಅಷ್ಟು ಆಸೆ ಯಾಕಿತ್ತು ಮಾವ ಎಂದು ಅತ್ತಳು. ನಾನು ಅವಳ ತಲೆ ಸವರಿದೆ. ಅವಳು ನನ್ನನ್ನು ದೇವರಂಥವನೆಂದು ನಂಬಿ ಬೆಳೆದಳು, ನಾನು ನಂಬಿಸಿಕೊಂಡೆ. ಜೈಲೇ ವಾಸಿಯಿತ್ತು.

ಪಾರ್ಕು ಮುಚ್ಚಿ ಎಷ್ಟೋ ಕಾಲವಾಯಿತು. ಹಳಿ ಗುಜರಿಗೆ ಹೋಯಿತು, ಮ್ಯಾನೇಜರ್ ಮಣ್ಣಿಗೆ ಹೋದ. ಅಲ್ಲೀಗ ದೊಡ್ಡ ಮಾಲ್ ಇದೆ, ಅಕ್ಕನ ಮಗಳು ಅದರ ನೆಲ ಒರೆಸುತ್ತಾಳೆ. ಮೊನ್ನೆ ಯಜಮಾನರ ಮಗ ಅಲ್ಲಿ ಪಾರ್ಕಿನ ಇತಿಹಾಸದ ಪ್ರದರ್ಶನ ಇಟ್ಟ. ಗೋಡೆ ತುಂಬ ನಗುವ ಮಕ್ಕಳ ಫೋಟೊಗಳು. ಬದುಕಿರುವ ಕೊನೆಯ ಕೆಲಸಗಾರನೆಂದು ನನ್ನನ್ನು ಹುಡುಕಿ ಕರೆಸಿದರು. ಕುರ್ಚಿಗಳು ಅತಿಥಿಗಳಿಗೆಂದು ನನ್ನನ್ನು ಕಂಬದ ಪಕ್ಕ ನಿಲ್ಲಿಸಿದರು. ಎಷ್ಟು ಖುಷಿ ಇತ್ತು ಅಂತ ಎರಡು ಮಾತು ಹೇಳು ತಾತ ಸಾಕು, ಹಳೇ ಗೋಳೆಲ್ಲ ಬೇಡ ಎಂದ ಯಜಮಾನರ ಮಗ.

ಎದುರಿನ ಫಲಕದಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿದ್ದರು: ಮೂವತ್ತೆರಡು ವರ್ಷ, ಟಿಕೆಟ್ ಪಡೆದ ಒಬ್ಬರಿಗೂ ತರಚು ಗಾಯವಿಲ್ಲ. ಸುಳ್ಳಲ್ಲ. ಅಕ್ಕನ ಹತ್ತಿರ ಟಿಕೆಟ್ ಇರಲಿಲ್ಲ. ಆ ಫಲಕದ ಗಾಜು ಒರೆಸುತ್ತಿದ್ದವಳು ಅಕ್ಕನ ಮಗಳು. ಮಾವನನ್ನು ಇಷ್ಟು ಜನರ ಮುಂದೆ ಕರೆದರೆಂದು ಅವಳಿಗೆ ಹೆಮ್ಮೆ, ನನ್ನನ್ನು ನೋಡಿ ನಕ್ಕಳು. ಆ ನಗುವನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

ಮೈಕ್ ಕೈಗೆ ಬಂತು.

"ನಮ್ಮಕ್ಕ ಕದ್ದು ಹತ್ತಲಿಲ್ಲ," ಅಂದೆ. "ಮರಳು ಮೂಟೆ ಬದಲು ಹೆಂಗಸರನ್ನ ಕೂರಿಸ್ತಿದ್ರು. ಕಂಬಿ ಹಾಕು ಅಂತ ಅವಳು ಕೇಳಿದ್ಲು. ನಾನು ಹಾಕ್ಲಿಲ್ಲ."

ಅಷ್ಟರಲ್ಲಿ ಮೈಕ್ ಸತ್ತಿತ್ತು. ಸುಳ್ಳು ಕಾಗದಕ್ಕೆ ಸೈನು ಹಾಕಿದ್ದೂ ನಾನೇ ಎಂದು ಬರಿ ಬಾಯಲ್ಲಿ ಕೂಗಿದೆ. ತಾತನಿಗೆ ಅರಳು ಮರಳು ಎಂದು ಯಜಮಾನರ ಮಗ ಅತಿಥಿಗಳ ಕಡೆ ತಿರುಗಿ ನಕ್ಕ. ಇಬ್ಬರು ಕಾವಲಿನವರು ಬಂದು ನನ್ನ ರಟ್ಟೆ ಹಿಡಿದರು.

ಅಕ್ಕನ ಮಗಳು ಒರೆಸುವ ಬಟ್ಟೆ ಬಿಸಾಕಿ ಬಂದು ಅವರ ಕೈಗಳನ್ನು ಕಿತ್ತು ಹಾಕಿದಳು. ನನ್ನನ್ನು ಮನೆಗೆ ಕರೆದೊಯ್ಯುತ್ತಾಳೆಂದು ಒಂದು ಗಳಿಗೆ ಅಂದುಕೊಂಡೆ. ಅವಳು ನನ್ನ ಕೊರಳಪಟ್ಟಿ ಹಿಡಿದು ಅತಿಥಿಗಳ ನಡುವೆ ಎಳೆದು ತಂದು ನಿಲ್ಲಿಸಿದಳು.

"ಮೈಕ್ ಬೇಡ ಮಾವ. ಹಿಂದಿನ ಸಾಲಿಗೂ ಕೇಳ್ಬೇಕು, ಇನ್ನೊಂದ್ಸಲ ಹೇಳು. ಅಮ್ಮ ಕಂಬಿ ಕೇಳಿದ್ದನ್ನ ಬಿಡ್ಬೇಡ."

ಅವಳು ಕೊರಳಪಟ್ಟಿ ಬಿಡಲಿಲ್ಲ. ಮೊದಲಿನಿಂದ ಹೇಳತೊಡಗಿದೆ.